ಒಂದು ಹುಂಜ, ಒಂಬತ್ತು ಹೇಂಟೆ: ವರ್ಷದಿಂದ ವರ್ಷಕ್ಕೆ ಮರಿ ಕಮ್ಮಿ ಆಗ್ತಿವೆ, ಎಲ್ಲಿ ತಪ್ಪುತ್ತಿದೆ?

ಪಟ್ಟೆಪುಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಪಟ್ಟೆ ಬಣ್ಣದ ಪ್ಲೈಮತ್ ರಾಕ್ ಕೋಳಿಗಳಿವೆ. ಒಂದು ಹುಂಜ, ಒಂಬತ್ತು ಹೇಂಟೆ. ಮೊಟ್ಟೆ ವ್ಯಾಪಾರಕ್ಕೆ ಸಾಕಿದ್ದಲ್ಲ. ಹಳೇ ತಳಿ ಉಳಿಯಬೇಕು, ನನ್ನ ಕೈಯಲ್ಲಿ ಹಾಳಾಗಬಾರದು ಅನ್ನೋದೇ ಆಸೆ.

ನಾಲ್ಕು ವರ್ಷದ ಹಿಂದೆ ಒಂದೇ ಕಡೆಯಿಂದ 12 ಮರಿ ತಂದೆ. ಮೊದಲ ಸಲ 40 ಮೊಟ್ಟೆ ಇಟ್ಟಾಗ 31 ಮರಿ ಆದವು. ಮರುವರ್ಷ 40ಕ್ಕೆ 26. ಈ ಸಲ 40ಕ್ಕೆ ಬರೀ 17. ಅದರಲ್ಲೂ ಐದು ಮರಿಗಳ ಬೆರಳು ಸರಿಯಿಲ್ಲ. ಮರಿ ಮಾಡಿಸುವ ಮಿಷನ್ ಅದೇ, ಇಡುವ ಕೋಣೆ ಅದೇ. ಮೊದಲಿನ ಹುಂಜ ಹೋದ ವರ್ಷ ಸತ್ತಿತು. ಈಗಿರುವುದು ಅದರ ಮಗ. ಹೇಂಟೆಗಳಲ್ಲಿ ನಾಲ್ಕು ಮೊದಲಿನವು, ಐದು ಅವುಗಳ ಹೆಣ್ಣುಮಕ್ಕಳು.

ಮರಿ ಆಗದ 23 ಮೊಟ್ಟೆ ಇನ್ನೂ ಮಿಷನ್‌ನಲ್ಲೇ ಇವೆ. ಇವತ್ತು 23ನೇ ದಿನ. ಎಸೆಯಲು ಮನಸ್ಸಾಗುತ್ತಿಲ್ಲ. ಏನಾದರೂ ಮಾಡಬಹುದಾ?

ಟಾರ್ಚ್‌ಬೆಳಕು

ಎಸೆಯಬೇಡಿ! ಆ 23 ಮೊಟ್ಟೆಗಳೇ ಈಗ ನಿಮಗೆ ಉತ್ತರ ಹೇಳಬೇಕು. ಮೊದಲು ಒಂದೊಂದನ್ನೂ ಕಿವಿಗೆ ಹಿಡಿದು ನೋಡಿ, ಟಾರ್ಚ್ ಹಿಡಿದು ನೋಡಿ. ಜೀವ ಇಲ್ಲ ಅಂತ ಖಾತ್ರಿಯಾದ ಮೇಲೆ ಹೊರಗೆ ತೆಗೆದುಕೊಂಡು ಹೋಗಿ ಒಡೆಯಿರಿ. ಕೈಗೆ ಗ್ಲೌಸ್ ಇರಲಿ, ಮೂಗಿಗೆ ಬಟ್ಟೆ ಇರಲಿ. ದಪ್ಪ ತುದಿಯ ಕಡೆಯಿಂದ, ಅಂದರೆ ಗಾಳಿ ಇರುವ ಕಡೆಯಿಂದ, ನಿಧಾನವಾಗಿ ಬಿಡಿಸಿ. ಪಕ್ಕದಲ್ಲೊಂದು ಹಾಳೆ ಇಟ್ಟುಕೊಂಡು ಪ್ರತಿ ಮೊಟ್ಟೆಗೂ ಒಂದು ಸಾಲು ಬರೆಯಿರಿ.

ಬರೀ ಹಳದಿ ಬಿಳಿ ಇದ್ದು ಬೇರೇನೂ ಕಾಣದಿದ್ದರೆ ಹೆಚ್ಚಾಗಿ ಹುಂಜ ಸೇರಿಲ್ಲ ಅಂತ ಲೆಕ್ಕ. ರಕ್ತದ ಉಂಗುರದ ಹಾಗೆ ಕಂಡರೆ ಮೊದಲ ನಾಲ್ಕೈದು ದಿನದಲ್ಲಿ ಸತ್ತದ್ದು. ಮೊಟ್ಟೆ ಜಾಸ್ತಿ ದಿನ ಇಟ್ಟಿದ್ದರೆ, ಸಾಗಿಸುವಾಗ ಅಲುಗಿದ್ದರೆ, ಶುರುವಿನಲ್ಲಿ ಬಿಸಿ ಏರುಪೇರಾಗಿದ್ದರೆ ಹೀಗಾಗುತ್ತದೆ. ಪೂರ್ತಿ ಬೆಳೆದು, ಪುಕ್ಕ ಬಂದು, ಹೊಟ್ಟೆಯೊಳಗೆ ಹಳದಿ ಸೇರುವ ಹೊತ್ತಿಗೆ ಸತ್ತಿದ್ದರೆ ತೇವ, ಗಾಳಿ ಅಥವಾ ಕೊನೇ ಮೂರು ದಿನದ ಬಿಸಿ ನೋಡಬೇಕು. ಇವೆರಡರ ನಡುವೆ, 10ರಿಂದ 14ನೇ ದಿನದಲ್ಲಿ ಸತ್ತವು ಜಾಸ್ತಿ ಇದ್ದರೆ ನನಗೆ ತಪ್ಪದೆ ಹೇಳಿ. ಒಳ್ಳೆಯ ಮಿಷನ್‌ನಲ್ಲಿ ಆ ಹೊತ್ತಿನಲ್ಲಿ ಸಾಯುವುದು ತೀರಾ ಕಡಿಮೆ.

ಕಾವುಕೋಳಿ

ನನ್ನ ಅಭಿಪ್ರಾಯ ಬೇರೆ. ಮಿಷನ್ ಬಿಟ್ಟುಬಿಡಿ. ಹಳೇ ತಳಿ ಅಂದಮೇಲೆ ಕಾವಿಗೆ ಕೂರುವ ಹೇಂಟೆ ಹೆಚ್ಚಾಗಿ ಇರುತ್ತದೆ. ಅದರ ಕೆಳಗೆ ಹತ್ತು ಹನ್ನೆರಡು ಮೊಟ್ಟೆ ಇಡಿ. ತೇವ ಎಷ್ಟು, ಎಷ್ಟು ಸಲ ತಿರುಗಿಸಬೇಕು ಅನ್ನುವುದೆಲ್ಲ ಅದಕ್ಕೆ ಗೊತ್ತು. ದಿನಕ್ಕೊಂದು ಸಲ ಎದ್ದು, ಕಾಳು ತಿಂದು, ಒಂದು ದೊಡ್ಡ ಹಿಕ್ಕೆ ಹಾಕಿ, ಮಣ್ಣಲ್ಲಿ ಹೊರಳಾಡಿ ಮತ್ತೆ ಹೋಗಿ ಕೂರುತ್ತದೆ. ನನ್ನ ಹೇಂಟೆಯೊಂದು ಮೂರು ಸಲ ಕೂತಿದೆ, ಮೂರು ಸಲವೂ ಒಂದೆರಡು ಬಿಟ್ಟರೆ ಎಲ್ಲವೂ ಮರಿಯಾದವು. ಮರಿಗಳಿಗೆ ಬಲ್ಬ್ ಕೂಡ ಬೇಡ.

ಲೆಕ್ಕದಪುಸ್ತಕ

ಕಾವುಕೋಳಿ ಅವರ ಮಾತು ಒಪ್ಪುತ್ತೇನೆ, ಆದರೆ ಇಲ್ಲಿ ಮಿಷನ್ ಬದಲಾಗಿಲ್ಲ, ಕೋಳಿ ಬದಲಾಗಿದೆ. ಮೂರು ವರ್ಷ ಒಂದೇ ದಿಕ್ಕಿನಲ್ಲಿ ಇಳಿದಿದೆ ಅಂದರೆ ನನಗೆ ಮೊದಲು ಕಾಣುವುದು ರಕ್ತಸಂಬಂಧ, ಅಂದರೆ ಹತ್ತಿರದ ಸಂಬಂಧದ ಕೋಳಿಗಳೇ ಜೋಡಿಯಾಗುವುದು.

ಒಂದು ಲೆಕ್ಕ ತೋರಿಸುತ್ತೇನೆ. ಸಣ್ಣ ಗುಂಪಿನಲ್ಲಿ ಎಷ್ಟು ಕೋಳಿ ಇವೆ ಅನ್ನುವುದಕ್ಕಿಂತ ಹುಂಜ ಎಷ್ಟು, ಹೇಂಟೆ ಎಷ್ಟು ಅನ್ನುವುದು ಮುಖ್ಯ. ಹುಂಜದ ಸಂಖ್ಯೆಯನ್ನು ಹೇಂಟೆಯ ಸಂಖ್ಯೆಯಿಂದ ಗುಣಿಸಿ, ಮತ್ತೆ 4ರಿಂದ ಗುಣಿಸಿ. ಬಂದದ್ದನ್ನು ಒಟ್ಟು ಕೋಳಿಗಳಿಂದ ಭಾಗಿಸಿ. ನಿಮ್ಮದು 4 × 1 × 9 = 36, ಭಾಗಿಸು 10. ಅಂದರೆ 3.6. ಕಣ್ಣಿಗೆ ಹತ್ತು ಕೋಳಿ ಕಂಡರೂ ತಳಿಯ ಮಟ್ಟಿಗೆ ನಿಮ್ಮ ಹತ್ತಿರ ಇರುವುದು ನಾಲ್ಕು ಕೋಳಿಗೂ ಕಮ್ಮಿ. ಹೀಗೇ ಹೋದರೆ ಪ್ರತಿ ತಲೆಮಾರಿಗೆ ರಕ್ತಸಂಬಂಧ ಸುಮಾರು ಶೇ 14ರಷ್ಟು ಏರುತ್ತದೆ. ನೀವು ಶುರು ಮಾಡಿದ್ದೇ ಅಣ್ಣತಂಗಿಯರಿಂದ ಆಗಿದ್ದರೆ ಇನ್ನೂ ಜಾಸ್ತಿ.

ಈಗ ಹೇಂಟೆ ಜಾಸ್ತಿ ಮಾಡಿದರೆ? ಒಂದು ಹುಂಜಕ್ಕೆ 30 ಹೇಂಟೆ ಇಟ್ಟರೂ ಆ ಸಂಖ್ಯೆ 3.9 ದಾಟುವುದಿಲ್ಲ. ಅದೇ ಒಂಬತ್ತು ಹೇಂಟೆ ಇಟ್ಟುಕೊಂಡು ಮೂರು ಹುಂಜ ಮಾಡಿ: 108 ಭಾಗಿಸು 12, ಅಂದರೆ 9. ರಕ್ತಸಂಬಂಧ ಏರುವುದು ಶೇ 5.6ಕ್ಕೆ ಇಳಿಯುತ್ತದೆ. ಎರಡೇ ಎರಡು ಹುಂಜ ಜಾಸ್ತಿ, ಅಷ್ಟಕ್ಕೇ ಇಷ್ಟು ವ್ಯತ್ಯಾಸ. ಹುಂಜ ದಂಡ, ಸುಮ್ನೆ ಕಾಳು ತಿನ್ನುತ್ತದೆ ಅಂತ ಎಲ್ಲರೂ ಮೊದಲು ತೆಗೆಯುವುದು ಹುಂಜವನ್ನೇ. ಸಣ್ಣ ಗುಂಪು ಸೊರಗುವುದು ಅಲ್ಲಿಂದಲೇ.

ಪಟ್ಟೆಪುಕ್ಕ

ಮೊಟ್ಟೆ ಒಡೆದು ನೋಡಿದೆ. ಸುಲಭದ ಕೆಲಸ ಆಗಿರಲಿಲ್ಲ, ಆದರೂ ಪೂರ್ತಿ ಮಾಡಿದೆ. ಲೆಕ್ಕ ಹೀಗಿದೆ:

ಏನೂ ಇಲ್ಲದವು 6. ರಕ್ತದ ಉಂಗುರ ಇದ್ದವು 5. ಪೂರ್ತಿ ಬೆಳೆದು ಒಳಗೇ ಸತ್ತವು 3. ಮಧ್ಯದಲ್ಲಿ ಸತ್ತವು 9.

ಆ ಒಂಬತ್ತರಲ್ಲಿ ಸ್ವಲ್ಪ ದೊಡ್ಡವಾಗಿದ್ದ ನಾಲ್ಕನ್ನು ಬಿಳಿ ತಟ್ಟೆ ಮೇಲೆ ಇಟ್ಟು ಹತ್ತಿರದಿಂದ ನೋಡಿದೆ. ತುಪ್ಪಳ ನೆಟ್ಟಗೆ ಬಂದಿಲ್ಲ. ಪ್ರತಿ ಎಳೆಯೂ ಗಂಟು ಹಾಕಿದ ಹಾಗೆ ಸುರುಳಿ ಸುತ್ತಿ ಚರ್ಮಕ್ಕೇ ಅಂಟಿಕೊಂಡಿದೆ. ಮೈ ಸ್ವಲ್ಪ ನೀರು ತುಂಬಿಕೊಂಡ ಹಾಗಿತ್ತು.

ಕೊಟ್ಟಿಗೆಡಾಕ್ಟ್ರು

ನಾನು ಪಶುವೈದ್ಯ. ನಿಮ್ಮ ಕೊನೇ ಸಾಲು ಓದಿದ ತಕ್ಷಣ ಬರೆಯುತ್ತಿದ್ದೇನೆ. ಎರಡು ಪ್ರಶ್ನೆ.

ಒಂದು, ಹುಟ್ಟಿದ ಮರಿಗಳ ಬೆರಳು ಹೇಗೆ ಸರಿಯಿಲ್ಲ? ಪಕ್ಕಕ್ಕೆ ವಾಲಿವೆಯಾ, ಅಥವಾ ಮುಷ್ಟಿ ಹಿಡಿದ ಹಾಗೆ ಒಳಕ್ಕೆ ಮಡಚಿಕೊಂಡಿವೆಯಾ? ಎರಡೂ ಒಂದೇ ಥರ ಕಾಣುತ್ತವೆ, ಆದರೆ ಕಾರಣ ಬೇರೆ ಬೇರೆ.

ಎರಡು, ದೊಡ್ಡ ಕೋಳಿಗಳಿಗೆ ಏನು ಹಾಕುತ್ತೀರಿ? ಒಂದು ವಾರದ ಮೇವನ್ನು ಇದ್ದದ್ದು ಇದ್ದ ಹಾಗೆ ಹೇಳಿ.

ಪಟ್ಟೆಪುಕ್ಕ

ಡಾಕ್ಟ್ರೇ, ಎರಡು ಮರಿಗಳದ್ದು ಮುಷ್ಟಿ ಹಿಡಿದ ಹಾಗೆ. ನಿಲ್ಲಲು ಆಗದೆ ಮೊಣಕಾಲ ಹಿಂಭಾಗ ಊರಿಕೊಂಡು ಕೂರುತ್ತವೆ. ಉಳಿದ ಮೂರರದ್ದು ಪಕ್ಕಕ್ಕೆ ವಾಲಿದೆ, ಆದರೆ ಓಡಾಡಿಕೊಂಡಿವೆ.

ಮೇವು: ಮೊದಲೆರಡು ವರ್ಷ ಅಂಗಡಿಯ ಲೇಯರ್ ಫೀಡ್ ಮಾತ್ರ ಹಾಕುತ್ತಿದ್ದೆ. ಹೋದ ವರ್ಷದಿಂದ ಅರ್ಧ ಅದು, ಅರ್ಧ ಜೋಳ ಮತ್ತು ನುಚ್ಚು. ಹಳೇ ತಳಿಗೆ ಕಾಳೇ ಒಳ್ಳೆಯದು ಅಂತ ಕೇಳಿದ್ದೆ. ಮೊದಲು ಅಂಗಳದಲ್ಲಿ ಹುಲ್ಲು ಇತ್ತು. ಈಗ ಎಲ್ಲ ಕೆದಕಿ ಬರೀ ಮಣ್ಣು ಉಳಿದಿದೆ.

ಕೊಟ್ಟಿಗೆಡಾಕ್ಟ್ರು

ಸುರುಳಿ ತುಪ್ಪಳ, ಎರಡನೇ ವಾರದಲ್ಲಿ ಸಾವು, ಮುಷ್ಟಿ ಬೆರಳು. ಮೂರೂ ಒಟ್ಟಿಗೆ ಬಂದರೆ ಮೊದಲ ಅನುಮಾನ ಬಿ2 ಜೀವಸತ್ವದ ಕೊರತೆ, ಅಂದರೆ ರೈಬೋಫ್ಲೇವಿನ್. ಎಷ್ಟೋ ಜನ ಇಲ್ಲಿ ಎಡವುತ್ತಾರೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಲೇಯರ್ ಫೀಡ್ ಮಾಡುವುದು ತಿನ್ನುವ ಮೊಟ್ಟೆಗೆ. ಹೇಂಟೆ ಆರೋಗ್ಯವಾಗಿದ್ದು ಮೊಟ್ಟೆ ಇಟ್ಟರೆ ಅದರ ಕೆಲಸ ಮುಗಿಯಿತು. ಆದರೆ ಮರಿಯಾಗಬೇಕಾದ ಮೊಟ್ಟೆಗೆ ಅದಕ್ಕಿಂತ ಜಾಸ್ತಿ ಬಿ2 ಬೇಕು. 21 ದಿನಕ್ಕೆ ಬೇಕಾದ್ದನ್ನೆಲ್ಲ ಹೇಂಟೆ ಮೊದಲೇ ಮೊಟ್ಟೆಯೊಳಗೆ ತುಂಬಿ ಕೊಡಬೇಕಲ್ಲ. ಆ ಫೀಡ್‌ಗೆ ನೀವು ಅರ್ಧಕ್ಕರ್ಧ ಕಾಳು ಸೇರಿಸಿದಿರಿ. ಕಾಳಿನಲ್ಲಿ ಬಿ2 ತೀರಾ ಕಮ್ಮಿ. ಅದೇ ಹೊತ್ತಿಗೆ ಹುಲ್ಲೂ ಹೋಯಿತು. ಹೇಂಟೆ ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತದೆ, ಮೊಟ್ಟೆಯೂ ಇಡುತ್ತದೆ. ಕೊರತೆ ಕಾಣುವುದು ಮೊಟ್ಟೆಯೊಳಗಿನ ಮರಿಯಲ್ಲಿ. ಕಾವಿಗೆ ಕೂತ ಹೇಂಟೆಯ ಕೆಳಗೆ ಇಟ್ಟಿದ್ದರೂ ಈ ಒಂಬತ್ತು ಉಳಿಯುತ್ತಿರಲಿಲ್ಲ.

ಆ ಎರಡು ಮರಿಗಳಿಗೆ ಇವತ್ತೇ ನೀರಿನಲ್ಲಿ ಬಿ ಕಾಂಪ್ಲೆಕ್ಸ್ ಶುರು ಮಾಡಿ, ಹತ್ತಿರದ ಪಶುವೈದ್ಯರಿಗೆ ತೋರಿಸಿ. ಬೇಗ ಕೊಟ್ಟರೆ ಬೆರಳು ಬಿಚ್ಚಿಕೊಳ್ಳುತ್ತವೆ. ತಡವಾದರೆ ಕಾಲಿನ ನರ ಹಾಳಾಗುತ್ತದೆ, ಆಮೇಲೆ ಏನು ಕೊಟ್ಟರೂ ಪ್ರಯೋಜನ ಇಲ್ಲ. ದೊಡ್ಡ ಕೋಳಿಗಳಿಗೆ ಬ್ರೀಡರ್ ಫೀಡ್, ಅಂದರೆ ಮರಿ ಮಾಡಿಸುವ ಕೋಳಿಗಳ ಮೇವು ಹಾಕಿ. ಅದು ಸಿಗದಿದ್ದರೆ ಲೇಯರ್ ಫೀಡ್ ಮಾತ್ರ ಹಾಕಿ, ಜೊತೆಗೆ ಜೀವಸತ್ವದ ಪುಡಿ, ದಿನಾ ಹಸಿರು ಸೊಪ್ಪು. ಕಾಳು ಸಂಜೆ ಒಂದು ಹಿಡಿ ಸಾಕು. ಇನ್ನೊಂದು ಮಾತು, ಲೇಯರ್ ಫೀಡ್ ಮರಿಗಳಿಗೆ ಯಾವತ್ತೂ ಹಾಕಬೇಡಿ. ಅದರಲ್ಲಿ ಕ್ಯಾಲ್ಸಿಯಂ ಶೇ 3.5ರಿಂದ 4ರವರೆಗೆ ಇರುತ್ತದೆ. ಎಳೆ ಮರಿಗಳ ಮೂತ್ರಪಿಂಡ ಅದನ್ನು ತಡೆಯುವುದಿಲ್ಲ.

ಪಕ್ಕಕ್ಕೆ ವಾಲಿದ ಬೆರಳಿನ ಮೂರು ಮರಿಗಳ ಕಥೆ ಬೇರೆ. ಜಾರುವ ನೆಲ, ಮಿಷನ್ ಬಿಸಿಯ ಏರುಪೇರು, ಇಲ್ಲವೇ ವಂಶದಿಂದ ಬಂದದ್ದು. ಯಾವ ತಾಯಿಯ ಮರಿಗಳು ಅಂತ ಗೊತ್ತಾ?

ಪಟ್ಟೆಪುಕ್ಕ

ಗೊತ್ತಿಲ್ಲ. ಎಲ್ಲ ಮೊಟ್ಟೆ ಒಂದೇ ಬುಟ್ಟಿಗೆ ಹಾಕಿದ್ದೆ. ಈಗ ತುಂಬಾ ಬೇಜಾರಾಗುತ್ತಿದೆ.

ಟಾರ್ಚ್‌ಬೆಳಕು

ಬೇಜಾರು ಬೇಡ, ಮುಂದಿನ ಸಲಕ್ಕೆ ಪೆನ್ಸಿಲ್ ಇಟ್ಟುಕೊಳ್ಳಿ. ಪೆನ್ ಬೇಡ, ಪೆನ್ಸಿಲ್. ಮೊಟ್ಟೆ ಮೇಲೆ ಹೇಂಟೆಯ ನಂಬರ್, ಇಟ್ಟ ದಿನ. ಇಷ್ಟು ಬರೆಯಿರಿ. ಯಾವ ಹೇಂಟೆ ಇಟ್ಟಿದ್ದು ಅಂತ ತಿಳಿಯಲು ಗೂಡಿನ ಬಾಯಿಗೆ ಬೀಳುವ ಬಾಗಿಲು ಮಾಡಿ. ಹೇಂಟೆ ಒಳಗೆ ಹೋದರೆ ಬೆನ್ನು ತಾಗಿ ಬಾಗಿಲು ಬೀಳುತ್ತದೆ, ನೀವು ಬಂದು ಬಿಡಿಸುವವರೆಗೂ ಅದು ಒಳಗೇ ಇರುತ್ತದೆ. ಗಂಟೆಗೊಂದು ಸಲವಾದರೂ ಹೋಗಿ ನೋಡಬೇಕು, ಮರೆತರೆ ಕೋಳಿಗೆ ಹಿಂಸೆ. ಮರಿ ಮಾಡಿಸುವ ಎರಡು ವಾರ ಮಾತ್ರ ಹೀಗೆ ಮಾಡಿದರೆ ಸಾಕು.

18ನೇ ದಿನ ತಿರುಗಿಸುವುದು ನಿಲ್ಲಿಸುವಾಗ ಒಂದೊಂದು ಹೇಂಟೆಯ ಮೊಟ್ಟೆಗಳನ್ನು ಬೇರೆ ಬೇರೆ ಜಾಲರಿ ಬುಟ್ಟಿಯಲ್ಲಿ ಇಡಿ. ಮರಿ ಒಣಗಿದ ಮೇಲೆ ಬೆರಳ ನಡುವಿನ ಚರ್ಮಕ್ಕೆ ಸಣ್ಣ ತೂತಿನ ಗುರುತು ಹಾಕುತ್ತಾರೆ. ಎರಡು ಕಾಲಿಗೆ ನಾಲ್ಕು ಜಾಗ, ತೂತು ಇರುವುದು ಇಲ್ಲದಿರುವುದು ಸೇರಿ 16 ಥರದ ಗುರುತು ಸಿಗುತ್ತದೆ. ಒಂಬತ್ತು ಹೇಂಟೆಗೆ ಬೇಕಾದಷ್ಟಾಯಿತು. ಮೊದಲ ಸಲ ಗೊತ್ತಿರುವವರ ಕೈಯಲ್ಲೇ ಮಾಡಿಸಿ.

ಆ ಐದು ರಕ್ತದ ಉಂಗುರದ ಬಗ್ಗೆ: ಎಷ್ಟು ದಿನದ ಮೊಟ್ಟೆ ಇಟ್ಟಿರಿ?

ಪಟ್ಟೆಪುಕ್ಕ

40 ಆಗಲಿ ಅಂತ ಕಾದೆ. ಕೆಲವು 12 ದಿನದವು ಇರಬಹುದು. ಅಡುಗೆಮನೆಯ ಮೂಲೆಯಲ್ಲಿ ಇಟ್ಟಿದ್ದೆ.

ಟಾರ್ಚ್‌ಬೆಳಕು

ಅಲ್ಲೇ ಒಂದಿಷ್ಟು ಹೋಯಿತು. ಏಳು ದಿನದೊಳಗಿನ ಮೊಟ್ಟೆ ಇಡಿ. 13ರಿಂದ 16 ಡಿಗ್ರಿ ಇರುವ ತಂಪು ಜಾಗ, ಚೂಪು ತುದಿ ಕೆಳಗೆ. ತೊಳೆಯಬೇಡಿ. 25 ತಾಜಾ ಮೊಟ್ಟೆ 40 ಹಳೇ ಮೊಟ್ಟೆಗಿಂತ ಒಳ್ಳೆಯದು. ಫ್ಯಾನ್ ಇರುವ ಮಿಷನ್ ಆದರೆ 37.5 ಡಿಗ್ರಿ. ತೇವಕ್ಕೆ ಮೀಟರ್ ಒಂದನ್ನೇ ನಂಬಬೇಡಿ, ಮೊಟ್ಟೆ ತೂಗಿ. 18ನೇ ದಿನಕ್ಕೆ ಶೇ 12-13ರಷ್ಟು ತೂಕ ಇಳಿದಿರಬೇಕು. 60 ಗ್ರಾಂ ಮೊಟ್ಟೆ 52-53 ಗ್ರಾಂಗೆ ಬಂದಿದ್ದರೆ ನಿಮ್ಮ ತೇವ ಸರಿಯಾಗಿದೆ.

ಹಳೇಗೂಡು

ಎಲ್ಲರದ್ದೂ ಓದಿದೆ. ಡಾಕ್ಟ್ರು ಹೇಳಿದ್ದೂ ಸರಿ, ಲೆಕ್ಕದ ಅಣ್ಣ ಹೇಳಿದ್ದೂ ಸರಿ. ಮೇವು ಸರಿಮಾಡಿದರೆ ಮುಂದಿನ ಸಲವೇ ಮರಿ ಜಾಸ್ತಿ ಆಗುತ್ತವೆ. ನನಗೆ ಭಯ ಇರುವುದು ಅದಕ್ಕೇ. ಮರಿ ಜಾಸ್ತಿಯಾದ ಖುಷಿಯಲ್ಲಿ ಹುಂಜದ ವಿಷಯ ಮರೆತುಹೋಗುತ್ತದೆ. ಇಪ್ಪತ್ತು ವರ್ಷದಿಂದ ಒಂದೇ ತಳಿ ಸಾಕುತ್ತಿದ್ದೇನೆ. ಶುರುವಿನಲ್ಲಿ ನಾನೂ ಹೀಗೇ ಒಂದು ಒಳ್ಳೆಯ ಗುಂಪು ಕಳೆದುಕೊಂಡೆ. ನೋಡಲು ಚೆಂದದ ಹುಂಜ ಅಂತ ಅದೊಂದನ್ನೇ ಇಟ್ಟುಕೊಂಡಿದ್ದೆ. ಐದನೇ ವರ್ಷಕ್ಕೆ ಮರಿಗಳು ಸಣ್ಣ ಸಣ್ಣಕ್ಕೆ ಬಂದವು, ಹೇಂಟೆಗಳು ಕಾವಿಗೆ ಕೂರುವುದನ್ನೇ ಬಿಟ್ಟವು. ವಾಪಸ್ ತರಲು ಆಗಲಿಲ್ಲ.

ನಾನು ಈಗ ಮಾಡುವುದು ಇಷ್ಟು. ಕೋಳಿಗಳನ್ನು ಮೂರು ಮನೆ ಮಾಡಿದ್ದೇನೆ. ಕೆಂಪು, ನೀಲಿ, ಬಿಳಿ. ಪ್ರತಿ ಹೇಂಟೆಯ ಕಾಲಿಗೆ ಅದರ ಮನೆಯ ಬಣ್ಣದ ರಿಂಗ್. ಹೆಣ್ಣುಮರಿ ಯಾವಾಗಲೂ ತಾಯಿಯ ಮನೆಯಲ್ಲೇ ಉಳಿಯುತ್ತದೆ. ಗಂಡುಮರಿ ತಾಯಿಯ ಮನೆಗೆ ಹುಂಜ ಆಗುವ ಹಾಗಿಲ್ಲ. ಕೆಂಪು ಮನೆಯಲ್ಲಿ ಹುಟ್ಟಿದ ಹುಂಜ ನೀಲಿ ಮನೆಗೆ, ನೀಲಿಯದು ಬಿಳಿಗೆ, ಬಿಳಿಯದು ಕೆಂಪಿಗೆ. ಪ್ರತಿ ವರ್ಷ ಅದೇ ದಿಕ್ಕು. ದಿಕ್ಕು ಒಂದು ಸಲವೂ ತಪ್ಪಬಾರದು. ಹೀಗೆ ಮಾಡಿದರೆ ಹೊರಗಿನಿಂದ ಏನೂ ತರದೆ ತುಂಬಾ ವರ್ಷ ಗುಂಪು ನಡೆಸಬಹುದು.

ಮೂರು ಗೂಡು ಎಲ್ಲಿಂದ ತರಲಿ ಅಂತ ನೀವು ಕೇಳುತ್ತೀರಿ. ವರ್ಷವಿಡೀ ಬೇಡ. ಮರಿ ಮಾಡಿಸುವ ಆರೇಳು ವಾರ ಮಾತ್ರ ಬೇರೆ ಇಡಿ. ಉಳಿದ ದಿನ ಹೇಂಟೆಗಳೆಲ್ಲ ಒಟ್ಟಿಗೆ ಇರಲಿ. ಹುಂಜಗಳೆಲ್ಲ ಹೇಂಟೆಗಳು ಕಾಣದ ಕಡೆ ಒಂದು ಗೂಡಿನಲ್ಲಿ ಇರಲಿ. ಮರಿಯಿಂದಲೇ ಒಟ್ಟಿಗೆ ಬೆಳೆದ ಹುಂಜಗಳು ಹೇಂಟೆ ಕಣ್ಣಿಗೆ ಬೀಳದಿದ್ದರೆ ಹೆಚ್ಚಾಗಿ ಸುಮ್ಮನಿರುತ್ತವೆ. ಆದರೆ ಒಂದನ್ನು ಹೊರಗೆ ತೆಗೆದು ಮತ್ತೆ ಒಳಗೆ ಬಿಟ್ಟ ದಿನ ಪಕ್ಕದಲ್ಲೇ ನಿಂತು ನೋಡಿ.

ಹುಂಜ ಬದಲಿಸಿದ ಮರುದಿನವೇ ಮೊಟ್ಟೆ ಆರಿಸಬೇಡಿ. ಹಳೇ ಹುಂಜದ ವೀರ್ಯ ಹೇಂಟೆಯ ಹೊಟ್ಟೆಯೊಳಗೆ ಎರಡು ಮೂರು ವಾರ ಉಳಿದಿರುತ್ತದೆ. ನಾನು ಪೂರ್ತಿ ಮೂರು ವಾರ ಬಿಡುತ್ತೇನೆ.

ಹೊಸಹೆಜ್ಜೆ

ನಡುವೆ ಬಂದದ್ದಕ್ಕೆ ಕ್ಷಮಿಸಿ. ನಾನು ಇನ್ನೂ ಶುರು ಮಾಡಿಲ್ಲ, ವೈಯಾಂಡಾಟ್ ತಳಿಯ ಕೋಳಿ ಸಾಕಬೇಕು ಅಂತಿದ್ದೇನೆ. ಮೂರು ಪ್ರಶ್ನೆ. ಹಳೇ ತಳಿ ಅಂತ ಯಾವುದನ್ನು ಕರೆಯಬೇಕು? ಒಳ್ಳೆಯ ಕೋಳಿ ಆರಿಸುವುದು ಹೇಗೆ? ರಕ್ತ ಬದಲಿಸಲು ಬೇರೆ ತಳಿಯ ಹುಂಜ ಹಾಕಿದರೆ ಆಗಲ್ವಾ?

ಹಳೇಗೂಡು

ಕೇಳಿದ್ದು ಒಳ್ಳೆಯದಾಯಿತು. ಅಮೆರಿಕದ ಲೈವ್‌ಸ್ಟಾಕ್ ಕನ್ಸರ್ವೆನ್ಸಿ ಅನ್ನುವ ಸಂಸ್ಥೆ ಇದಕ್ಕೊಂದು ಅಳತೆ ಇಟ್ಟಿದೆ. 20ನೇ ಶತಮಾನದ ಮಧ್ಯಕ್ಕಿಂತ ಮುಂಚೆಯೇ ತಳಿ ಅಂತ ಒಪ್ಪಿಗೆ ಸಿಕ್ಕಿರಬೇಕು. ತಾವಾಗೇ ಜೋಡಿಯಾಗಬೇಕು. ಹೊರಗೆ ಓಡಾಡಿಕೊಂಡು ಹೇಂಟೆ 5ರಿಂದ 7 ವರ್ಷ, ಹುಂಜ 3ರಿಂದ 5 ವರ್ಷ ಕೆಲಸಕ್ಕೆ ಬರಬೇಕು. ನಿಧಾನವಾಗಿ ಬೆಳೆಯಬೇಕು, 16 ವಾರಕ್ಕಿಂತ ಮುಂಚೆ ತೂಕಕ್ಕೆ ಬರಬಾರದು. ಪಟ್ಟೆಪುಕ್ಕ ಅವರ ಪ್ಲೈಮತ್ ರಾಕ್ ಅಮೆರಿಕದ ತಳಿ ಪಟ್ಟಿಗೆ ಸೇರಿದ್ದು 1874ರಲ್ಲಿ.

ಈ ಅಳತೆಯಲ್ಲೇ ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಇದೆ ನೋಡಿ. ಐದು ವರ್ಷ ಬಾಳುವ ಕೋಳಿ ಬೇಕು ಅಂದರೆ ಆರು ತಿಂಗಳ ಎಳೆ ಹೇಂಟೆಯ ಮೊಟ್ಟೆ ಇಟ್ಟು ಪ್ರಯೋಜನ ಇಲ್ಲ. ಅದು ಎಷ್ಟು ವರ್ಷ ಬಾಳುತ್ತದೆ ಅಂತ ಇನ್ನೂ ಯಾರಿಗೂ ಗೊತ್ತಿಲ್ಲ. ನಾನು ಎರಡು ವರ್ಷ ದಾಟಿದ, ಒಂದು ಸಲವೂ ಕಾಯಿಲೆ ಬೀಳದ ಹೇಂಟೆಯ ಮೊಟ್ಟೆಯೇ ಇಡುವುದು.

ಆರಿಸುವಾಗ ಕಣ್ಣಿಗಿಂತ ಕೈ ಮುಖ್ಯ. ರಾತ್ರಿ ಕೋಳಿ ಅಡ್ಡಗೋಲಿನ ಮೇಲೆ ಕೂತ ಮೇಲೆ ಹೋಗಿ, ಒಂದನ್ನು ಎತ್ತಿ ಎಡಗೈ ಮೇಲೆ ಕೂರಿಸಿಕೊಳ್ಳಿ. ಎದೆಮೂಳೆ ಮೇಲೆ ಬೆರಳು ಓಡಿಸಿ. ನೆಟ್ಟಗಿರಬೇಕು, ಸೊಟ್ಟ ಇದ್ದರೆ ತಳಿಗೆ ಬೇಡ. ಮೊಟ್ಟೆ ಇಡುವ ಹೇಂಟೆಯಾದರೆ ಬಾಲದ ಕೆಳಗೆ ಎರಡು ಸಣ್ಣ ಮೂಳೆಯ ತುದಿ ಸಿಗುತ್ತದೆ. ಅವುಗಳ ನಡುವೆ ಎರಡು ಬೆರಳಾದರೂ ಹಿಡಿಯಬೇಕು. ಅಲ್ಲಿಂದ ಎದೆಮೂಳೆಯ ತುದಿಗೆ ಮೂರು ಬೆರಳು, ಭಾರದ ತಳಿಗೆ ಇನ್ನೂ ಜಾಸ್ತಿ. ಹೊಟ್ಟೆ ಮೆತ್ತಗಿರಬೇಕು. ಆಮೇಲೆ ಕಣ್ಣು, ಕೊಕ್ಕು, ಬಾಲ, ಬೆರಳು. ಅಡ್ಡ ಕೊಕ್ಕು, ಒಂದೇ ಪಕ್ಕಕ್ಕೆ ವಾಲಿದ ಬಾಲ ಇದ್ದರೆ ಎಷ್ಟೇ ಚೆಂದದ ಬಣ್ಣ ಇದ್ದರೂ ತಳಿಗೆ ಬಿಡಬೇಡಿ. ಹುಂಜದಲ್ಲಿ ಗುಣ ನೋಡಿ. ಮನುಷ್ಯರ ಮೇಲೆ ಹಾರುವ ಹುಂಜದ ಮಕ್ಕಳೂ ಹೆಚ್ಚಾಗಿ ಹಾರುತ್ತವೆ. ಕಾಳು ಕಂಡರೆ ತಾನು ತಿನ್ನದೆ ಹೇಂಟೆಗಳನ್ನು ಕರೆಯುವ ಹುಂಜ ಸಿಕ್ಕರೆ ಬಿಡಬೇಡಿ.

ಅವಸರ ಬೇಡ. ಈ ತಳಿಗಳಿಗೆ ಮೊದಲು ಮೂಳೆ ಬೆಳೆಯುತ್ತದೆ, ಆಮೇಲೆ ಮೈ ತುಂಬುತ್ತದೆ. ಎಂಟು ವಾರಕ್ಕೆ ಒಣಕಲಾಗಿ, ಬರೀ ಕಾಲೇ ಕಾಣುವ ಮರಿ ಆರು ತಿಂಗಳಿಗೆ ಗುಂಪಿನಲ್ಲೇ ಒಳ್ಳೆಯ ಹುಂಜ ಆಗಿದ್ದನ್ನು ನೋಡಿದ್ದೇನೆ. ಎಂಟು ವಾರಕ್ಕೆ ಊನ ಇರುವುದನ್ನು ಮಾತ್ರ ಬೇರೆ ಮಾಡಿ. 16 ವಾರಕ್ಕೆ ತೂಗಿ ಬರೆದಿಡಿ. ಕೊನೇ ತೀರ್ಮಾನ ಆರು ತಿಂಗಳಾದ ಮೇಲೆ.

ಬೇರೆ ತಳಿ ಹುಂಜ ಬೇಡ. ಒಂದು ಸಲ ಹಾಕಿದರೆ ಮರಿ ಗಟ್ಟಿಯಾಗಿ ಬರುತ್ತವೆ ನಿಜ. ಆದರೆ ಅದು ನಿಮ್ಮ ತಳಿ ಅಲ್ಲ. ಎರಡನೇ ತಲೆಮಾರಿಗೆ ಹತ್ತು ಮರಿ ಹತ್ತು ಥರ.

ಲೆಕ್ಕದಪುಸ್ತಕ

ವೈಯಾಂಡಾಟ್ ಅಂದಿದ್ದಕ್ಕೆ ಒಂದು ಮಾತು. ಅವುಗಳದ್ದು ಚಪ್ಪಟೆ ಗುಲಾಬಿ ಜುಟ್ಟು. ಆ ಜುಟ್ಟಿನ ಗುಣ ತಂದೆ ತಾಯಿ ಇಬ್ಬರಿಂದಲೂ ಪಡೆದ ಹುಂಜಗಳಲ್ಲಿ ಫಲ ಕಮ್ಮಿ. ಒಬ್ಬರಿಂದ ಮಾತ್ರ ಪಡೆದ ಹುಂಜಕ್ಕೂ ಜುಟ್ಟು ಗುಲಾಬಿಯೇ, ಆದರೆ ಫಲ ಚೆನ್ನಾಗಿರುತ್ತದೆ. ಹಾಗಾಗಿ ಆ ಗುಂಪಿನಲ್ಲಿ ಆಗೀಗ ಹುಟ್ಟುವ ನೆಟ್ಟಗಿನ ಜುಟ್ಟಿನ ಮರಿಗಳನ್ನು ಪೂರ್ತಿ ತೆಗೆದುಹಾಕಬೇಡಿ. ತಿಳಿದವರು ಬೇಕಂತಲೇ ಒಂದೆರಡು ಉಳಿಸಿಕೊಳ್ಳುತ್ತಾರೆ.

ಪಟ್ಟೆಪುಕ್ಕ ಅವರಿಗೆ: ನಿಮ್ಮ ಪಟ್ಟೆಯ ಲೆಕ್ಕವೂ ಸ್ವಾರಸ್ಯ. ಹುಂಜಕ್ಕೆ ಪಟ್ಟೆಯ ಗುಣ ಎರಡು ಪಾಲು, ಹೇಂಟೆಗೆ ಒಂದೇ ಪಾಲು. ಅದಕ್ಕೇ ಹುಂಜ ತಿಳಿ ಬಣ್ಣ, ಹೇಂಟೆ ಗಾಢ. ಹೇಂಟೆ ತನ್ನ ಪಟ್ಟೆಯನ್ನು ಗಂಡುಮಕ್ಕಳಿಗೆ ಮಾತ್ರ ಕೊಡುತ್ತದೆ, ಹೆಣ್ಣುಮಕ್ಕಳಿಗೆ ಬರುವುದು ತಂದೆಯಿಂದ. ಒಂದು ದಿನದ ಮರಿಯ ತಲೆ ನೋಡಿ. ಬಿಳಿ ಚುಕ್ಕೆ ದೊಡ್ಡದಾಗಿ ಹರಡಿದ್ದರೆ ಹೆಚ್ಚಾಗಿ ಗಂಡು, ಸಣ್ಣದಾಗಿ ಒಂದೇ ಕಡೆ ಇದ್ದರೆ ಹೆಣ್ಣು. ಎಲ್ಲ ಮರಿಗೂ ಪಕ್ಕಾ ಅಲ್ಲ, ಆದರೂ ಶುರುವಿನಿಂದಲೇ ಲೆಕ್ಕ ಇಡಲು ಸಹಾಯ ಆಗುತ್ತದೆ.

ಪಟ್ಟೆಪುಕ್ಕ

ಹಳೇಗೂಡು ಅಕ್ಕಾ, ಮೂರು ಮನೆ ಮಾಡಲು ನನ್ನ ಹತ್ತಿರ ಇರುವುದೆಲ್ಲ ಒಂದೇ ರಕ್ತ. ಹೊರಗಿನಿಂದ ಹುಂಜ ತರಲೇಬೇಕಲ್ವಾ? ಮೊಟ್ಟೆ ತರಿಸಿದರೆ ರೋಗದ ಭಯ ಇರಲ್ಲ ಅನ್ನುತ್ತಾರೆ.

ಹಳೇಗೂಡು

ಒಂದು ಸಲ ತರಲೇಬೇಕು. ಅದೇ ತಳಿ, ಬೇರೆ ಕಡೆಯದು. ಆದರೆ ತಂದ ಹುಂಜವನ್ನು ಎಲ್ಲ ಹೇಂಟೆಗಳ ಜೊತೆ ಬಿಡಬೇಡಿ. ಎರಡು ಮೂರು ಹೇಂಟೆ ಜೊತೆ ಮಾತ್ರ ಬಿಟ್ಟು ಮಕ್ಕಳನ್ನು ನೋಡಿ. ಚೆನ್ನಾಗಿದ್ದರೆ ಅದೇ ನಿಮ್ಮ ಎರಡನೇ ಮನೆ. ಏನಾದರೂ ಊನ ಬಂದರೆ ಅಲ್ಲಿಗೇ ನಿಲ್ಲಿಸಬಹುದು, ಉಳಿದ ಹೇಂಟೆಗಳು ಹಾಗೇ ಇರುತ್ತವೆ.

ಕೊಟ್ಟಿಗೆಡಾಕ್ಟ್ರು

ಮೊಟ್ಟೆಯಲ್ಲಿ ಭಯ ಕಮ್ಮಿ, ಇಲ್ಲವೇ ಇಲ್ಲ ಅಂತಲ್ಲ. ಪುಲ್ಲೋರಂ ಅನ್ನುವ ಬಿಳಿ ಭೇದಿ, ಮೈಕೋಪ್ಲಾಸ್ಮಾ ಅನ್ನುವ ಉಸಿರಾಟದ ರೋಗ, ಎರಡೂ ತಾಯಿಯಿಂದ ಮೊಟ್ಟೆಯೊಳಗೇ ಬರುತ್ತವೆ. ಕೊಡುವವರು ರಕ್ತ ಪರೀಕ್ಷೆ ಮಾಡಿಸಿದ್ದಾರಾ ಅಂತ ಕೇಳಿ. ಕೇಳಿದ್ದಕ್ಕೆ ಬೇಸರ ಮಾಡಿಕೊಳ್ಳುವವರ ಹತ್ತಿರ ತರಬೇಡಿ.

ದೊಡ್ಡ ಹುಂಜ ತಂದರೆ 30 ದಿನ ದೂರದಲ್ಲಿ ಬೇರೆ ಇಡಿ. ಮೊದಲು ನಿಮ್ಮ ಕೋಳಿಗಳ ಕೆಲಸ ಮುಗಿಸಿ, ಆಮೇಲೆ ಅದರ ಹತ್ತಿರ ಹೋಗಿ. ಚಪ್ಪಲಿ ಬೇರೆ, ನೀರಿನ ಪಾತ್ರೆ ಬೇರೆ. ಸೀನು, ಕಣ್ಣಲ್ಲಿ ನೊರೆ, ಹಿಕ್ಕೆಯಲ್ಲಿ ರಕ್ತ, ರೆಕ್ಕೆ ಕೆಳಗೆ ಹೇನು, ಎಲ್ಲ ನೋಡಿ. ಮರಿಗಳಿಗೆ ಮಾರೆಕ್ಸ್ ಅನ್ನುವ ವೈರಸ್ ರೋಗದ ಲಸಿಕೆ ಮೊದಲ ದಿನವೇ, ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ನಿಮ್ಮ ಪಶುವೈದ್ಯರು ಹೇಳಿದ ಹಾಗೆ.

ಪಟ್ಟೆಪುಕ್ಕ (ಐದು ತಿಂಗಳ ನಂತರ)

ಎಲ್ಲರಿಗೂ ಸುದ್ದಿ ಹೇಳಬೇಕು ಅಂತ ಬಂದೆ.

ಆ ಎರಡು ಮರಿಗಳಲ್ಲಿ ಒಂದು ನಾಲ್ಕನೇ ದಿನ ಬೆರಳು ಬಿಚ್ಚಿ ನಿಂತಿತು. ಇನ್ನೊಂದು ಉಳಿಯಲಿಲ್ಲ. ಬ್ರೀಡರ್ ಫೀಡ್‌ಗೆ ಬದಲಿಸಿದೆ. ಅಂಗಳವನ್ನು ಎರಡು ಭಾಗ ಮಾಡಿ ಒಂದರಲ್ಲಿ ಹುಲ್ಲು ಬೆಳೆಸುತ್ತಿದ್ದೇನೆ. ಮೇವು ಬದಲಿಸಿ ಆರು ವಾರ ಬಿಟ್ಟು ಮೊಟ್ಟೆ ಇಟ್ಟೆ. ಎಲ್ಲವೂ ಏಳು ದಿನದೊಳಗಿನವು, ಎಲ್ಲದರ ಮೇಲೂ ಪೆನ್ಸಿಲ್ ನಂಬರ್. 36 ಮೊಟ್ಟೆ, 28 ಮರಿ. ಉಳಿದ ಎಂಟನ್ನೂ ಒಡೆದು ನೋಡಿದೆ. ಐದು ಖಾಲಿ, ಎರಡು ರಕ್ತದ ಉಂಗುರ, ಒಂದು ಪೂರ್ತಿ ಬೆಳೆದದ್ದು. ಮಧ್ಯದಲ್ಲಿ ಸತ್ತದ್ದು ಒಂದೂ ಇಲ್ಲ. ಸುರುಳಿ ತುಪ್ಪಳ ಇಲ್ಲ, ಮುಷ್ಟಿ ಬೆರಳು ಇಲ್ಲ.

ಆದರೆ ಪಕ್ಕಕ್ಕೆ ವಾಲಿದ ಬೆರಳು ಮತ್ತೆ ಎರಡು ಮರಿಗಳಲ್ಲಿ ಬಂತು. ಬುಟ್ಟಿ ನೋಡಿದೆ. ಎರಡೂ 6ನೇ ನಂಬರ್ ಹೇಂಟೆಯವು. ಐದು ಖಾಲಿ ಮೊಟ್ಟೆಯಲ್ಲಿ ನಾಲ್ಕು 2ನೇ ನಂಬರಿನವು. ಅದನ್ನು ಎತ್ತಿ ನೋಡಿದರೆ ಬೆನ್ನ ಮೇಲೆ ಹುಂಜದ ಉಗುರು ತಾಗಿ ಗಾಯ ಆಗಿದೆ, ಹುಂಜ ಹತ್ತಿರ ಬಂದರೆ ಓಡುತ್ತದೆ.

ಹಳೇಗೂಡು

2ನೇ ನಂಬರಿಗೆ ಬೆನ್ನಿಗೆ ಬಟ್ಟೆಯ ಕವಚ ಹಾಕಿ, ಗಾಯ ಮಾಯುವವರೆಗೆ ಬೇರೆ ಇಡಿ. ಹುಂಜದ ಉಗುರು ಮತ್ತು ಕಾಲಿನ ಮುಳ್ಳಿನ ತುದಿ ಉಜ್ಜಿ ಮೊಂಡು ಮಾಡಿ. ಹಿಂಭಾಗದ ಪುಕ್ಕ ದಟ್ಟವಾಗಿದ್ದರೆ ಎರಡಕ್ಕೂ ಸ್ವಲ್ಪ ಕತ್ತರಿಸಿ. 6ನೇದರ ಮೊಟ್ಟೆ ಇನ್ನು ಮರಿಗೆ ಬೇಡ.

ಪಟ್ಟೆಪುಕ್ಕ

6ನೇದು ನನ್ನ ಹತ್ತಿರ ಜಾಸ್ತಿ ಮೊಟ್ಟೆ ಇಡುವ ಹೇಂಟೆ ಅಕ್ಕಾ. ಹೋದ ವರ್ಷ ಉಳಿಸಿಕೊಂಡ ಹೆಣ್ಣುಮರಿಗಳಲ್ಲಿ ಅರ್ಧ ಅದರದ್ದೇ ಇರಬಹುದು.

ಹಳೇಗೂಡು

ಹೌದು, ಜಾಸ್ತಿ ಇಡುವ ಹೇಂಟೆಯದ್ದೇ ಮರಿ ಜಾಸ್ತಿ ಆಗುತ್ತವೆ. ಅದಕ್ಕೇ ಪ್ರತಿ ಹೇಂಟೆಯಿಂದ ಇಷ್ಟೇ ಮೊಟ್ಟೆ ಅಂತ ಎಣಿಸಿ ಇಡಬೇಕು. ಕಮ್ಮಿ ಇಡುವ ಹೇಂಟೆಯ ವಂಶ ಸದ್ದಿಲ್ಲದೆ ಹೋಗಿಬಿಡುತ್ತದೆ. 6ನೇದು ಗುಂಪಿನಲ್ಲಿ ಇರಲಿ, ಅದರ ಮೊಟ್ಟೆ ಮನೆಗೆ ಬಳಸಿ.

ಹೊಸ ಹುಂಜ ಬಂತಾ?

ಪಟ್ಟೆಪುಕ್ಕ

ಬಂತು. ಪರೀಕ್ಷೆ ಮಾಡಿಸಿದ್ದ ಒಬ್ಬರು ಎರಡು ಎಳೆ ಹುಂಜ ಕೊಟ್ಟರು. ಇವತ್ತಿಗೆ 30 ದಿನ ಮುಗಿಯಿತು. ಒಂದನ್ನು 1, 4ನೇ ನಂಬರ್ ಜೊತೆ, ಇನ್ನೊಂದನ್ನು 7, 9ನೇ ನಂಬರ್ ಜೊತೆ ಸಂಜೆ ಬಿಟ್ಟೆ. ನೀಲಿ ಮನೆ, ಬಿಳಿ ಮನೆ. ಕಾಲಿಗೆ ರಿಂಗ್ ಹಾಕಿಯಾಯಿತು. 9ನೇದು ಎರಡು ವಾರದಿಂದ ಕಾವಿಗೆ ಕೂರುವ ಸೂಚನೆ ತೋರಿಸುತ್ತಿದೆ. ಗೂಡಿನ ಮೂಲೆಯಲ್ಲಿ ಎದೆಯ ಪುಕ್ಕ ಕಿತ್ತು ಹಾಸಿಕೊಂಡಿದೆ. ಕೈ ಹಾಕಿದರೆ ಕೊಕ್ಕಿನಲ್ಲಿ ಕುಕ್ಕುತ್ತದೆ.

ಕಾವುಕೋಳಿ

9ನೇದನ್ನು ಕದಲಿಸಬೇಡಿ! ಮೊಟ್ಟೆ ಇಡುವುದು ನಿಲ್ಲಿಸಿದ್ದರೂ ಪರವಾಗಿಲ್ಲ. ಮೂರು ವಾರ ಆದಮೇಲೆ 1, 4, 7ರ ಮೊಟ್ಟೆ ಅದರ ಕೆಳಗೇ ಇಡಿ. ಅಲ್ಲಿವರೆಗೆ ಪ್ಲಾಸ್ಟಿಕ್ ಮೊಟ್ಟೆ ಎರಡು ಇಟ್ಟಿರಿ, ದಿನಕ್ಕೊಂದು ಸಲ ಕೈಯಾರೆ ಎಬ್ಬಿಸಿ ನೀರು ಕಾಳು ಕೊಡಿ. ತೂಕ ತುಂಬಾ ಇಳಿಯುತ್ತಿದೆ ಅನ್ನಿಸಿದರೆ ಕಾಯಬೇಡಿ, ಎಬ್ಬಿಸಿ ಹೊರಗೆ ಬಿಡಿ. ಇನ್ನೊಂದು ಸಲ ಕೂರುತ್ತದೆ.

ಪಟ್ಟೆಪುಕ್ಕ

ಈಗಷ್ಟೇ ತೂಗಿ ಬಂದೆ. 2 ಕೆಜಿ 900 ಗ್ರಾಂ. ಪುಸ್ತಕದಲ್ಲಿ ಬರೆದಿದ್ದೇನೆ. ನಾಲ್ಕು ದಿನ ಬಿಟ್ಟು ಮತ್ತೆ ತೂಗುತ್ತೇನೆ.